ಮೂರ್ತಿಯಿಲ್ಲದ ಗರ್ಭಗುಡಿ: ಬೈಬಲಿನ ಪೂಜಾಸಂಕೇತಗಳು

ದೆಹಲಿಯ ಹುಮಾಯೂನ್ ರಸ್ತೆಯಲ್ಲಿರುವ ಜುಡಾ ಹಯಾಮ್ ಸಿನಗಾಗ್ 1956ರಲ್ಲಿ ನಿರ್ಮಿತವಾದ ಸಣ್ಣ ಪ್ರಾರ್ಥನಾಮಂದಿರ. ದೇವಾಲಯವೆಂದೊಡನೆ ಮೂರ್ತಿಯನ್ನು ನೆನೆಯುವ ಕನ್ನಡಿಗನಿಗೆ ಯಹೂದ್ಯರ ಇಂತಹ ಮಂದಿರದಲ್ಲಿ ಮೂರ್ತಿ ಕಾಣದು. ಜೆರೂಸಲೇಮಿನ ದಿಕ್ಕಿಗೆ, ಎಂದರೆ ಭಾರತದಲ್ಲಿ ಪಶ್ಚಿಮಕ್ಕೆ, ಒಂದು ಮಂಜೂಷ, ಅದರೊಳಗೆ ಚರ್ಮದ ಮೇಲೆ ಕೈಯಿಂದ ಬರೆದ ತೋರಾ ಗ್ರಂಥದ ಸುರುಳಿ, ಎದುರಿಗೆ ನಂದಾದೀಪ. ಹಾಗಾದರೆ ಇಲ್ಲಿ ಪೂಜೆಗೊಳ್ಳುವುದು ಯಾವುದು?

ವಿಮೋಚನಕಾಂಡದ 20ನೆಯ ಅಧ್ಯಾಯವು ವಿಗ್ರಹವನ್ನು ನಿಷೇಧಿಸುತ್ತದೆ. ಆಶ್ಚರ್ಯವೆಂದರೆ, 25ನೆಯ ಅಧ್ಯಾಯವು ಎರಡೂವರೆ ಮೊಳ ಉದ್ದದ, ಚಿನ್ನದ ತಗಡು ಹೊದಿಸಿದ ಮಂಜೂಷವನ್ನೂ ಅದರ ಮೇಲೆ ರೆಕ್ಕೆಗಳುಳ್ಳ ಎರಡು ಕೆರೂಬಿಗಳನ್ನೂ ಮಾಡಲು ವಿಧಿಸುತ್ತದೆ. ಆದರೆ ದೈವವಾಣಿ ಹೊರಡುವುದು ಆ ಆಕೃತಿಗಳಿಂದಲ್ಲ, ಅವುಗಳ ನಡುವಣ ಬರಿದಾದ ಎಡೆಯಿಂದ. ಸಮಸ್ತ ವಿಚಾರದ ತಿರುಳೂ ಈ ಬರಿದಿನಲ್ಲಿದೆ. ಬಾಬಿಲೋನಿನವರು ಕ್ರಿ. ಪೂ. 586ರ ಸುಮಾರಿಗೆ ಮೊದಲ ದೇವಾಲಯವನ್ನು ಕೆಡವಿದ ಮೇಲೆ ಮಂಜೂಷವೂ ಕಾಣದಾಯಿತು. ಕ್ರಿ. ಪೂ. 63ರಲ್ಲಿ ರೋಮಿನ ಪಾಂಪೆ ಎರಡನೆಯ ದೇವಾಲಯದ ಮಹಾಪರಿಶುದ್ಧ ಸ್ಥಳವನ್ನು ಹೊಕ್ಕಾಗ ಅಲ್ಲಿ ಯಾವ ದೇವಪ್ರತಿಮೆಯೂ ಇರಲಿಲ್ಲವೆಂದು ಟಾಸಿಟಸ್ ಬರೆದಿದ್ದಾನೆ.

ಸಂಕೇತವೇ ದೇವರಾಗಿಬಿಡುವ ಅಪಾಯವನ್ನು ಆ ಗ್ರಂಥವೇ ಬಲ್ಲದು. ಮೋಶೆ ಅರಣ್ಯದಲ್ಲಿ ಎತ್ತಿ ನಿಲ್ಲಿಸಿದ ತಾಮ್ರದ ಸರ್ಪಕ್ಕೆ ಜನರು ಧೂಪ ಹಾಕತೊಡಗಿದುದರಿಂದ ಹಿಜ್ಕೀಯರಾಜನು ಅದನ್ನು ಒಡೆಸಿಹಾಕಿದನು. ಪವಿತ್ರವಸ್ತುವನ್ನು ಒಡೆದುದೇ ಇಲ್ಲಿ ಭಕ್ತಿಯ ಕಾರ್ಯ! ಯೋಹಾನನ ಸುವಾರ್ತೆಯು ಅದೇ ಸರ್ಪವನ್ನು ಶಿಲುಬೆಗೇರುವ ಕ್ರಿಸ್ತನಿಗೆ ಉಪಮಾನವಾಗಿ ತಂದುಕೊಂಡಿತು.

ಕ್ರಿ. ಶ. 70ರಲ್ಲಿ ರೋಮನ್ನರು ಎರಡನೆಯ ದೇವಾಲಯವನ್ನೂ ಸುಟ್ಟರು. ಅಲ್ಲಿಂದ ಕೊಂಡೊಯ್ದ ಏಳು ಕವಲಿನ ದೀಪಸ್ತಂಭದ ಕೆತ್ತನೆ ರೋಮಿನ ಟೈಟಸನ ಕಮಾನಿನಲ್ಲಿ ಇಂದಿಗೂ ಇದೆ. ಬಲಿ ನಿಂತಿತು, ಯಹೂದ್ಯರಲ್ಲಿ ಗ್ರಂಥಪಠನ, ಪ್ರಾರ್ಥನೆಗಳು ಅದರ ಸ್ಥಾನಕ್ಕೆ ಬಂದವು. ಕ್ರೈಸ್ತರಲ್ಲಿಯಾದರೋ ವೇದಿಕೆಯು ರೊಟ್ಟಿ ದ್ರಾಕ್ಷಾರಸಗಳೊಡನೆ ಉಳಿಯಿತು. ಪ್ರತಿಮೆಗೆ ಸಲ್ಲಿಸಿದ ಗೌರವವು ಮೂಲವ್ಯಕ್ತಿಗೆ ಸಲ್ಲುವುದೆಂದೂ ಆರಾಧನೆ ದೇವರೊಬ್ಬನಿಗೇ ಎಂದೂ 787ರ ನೈಸಿಯಾ ಮಹಾಸಭೆ ನಿರ್ಣಯಿಸಿತು. ಗೋಲ್ ಡಾಕ್ ಖಾನಾದ ಬಳಿಯ ಕಥೋಲಿಕ ಮಹಾದೇವಾಲಯದ ಪ್ರತಿಮೆಗಳನ್ನು ಈ ವಿವೇಚನೆಯಿಂದಲೇ ನೋಡಬೇಕು.

ಸಿನಗಾಗಿನಲ್ಲಿ ಸುರುಳಿಯನ್ನು ಹೊರತೆಗೆದಾಗ ಸಭೆ ಎದ್ದು ನಿಲ್ಲುತ್ತದೆ. ವಸ್ತ್ರದಿಂದ ಮುಟ್ಟಿ ಆ ವಸ್ತ್ರಕ್ಕೆ ಮುತ್ತಿಡುವುದುಂಟು. ನವರಾತ್ರಿಯ ಪುಸ್ತಕಪೂಜೆ ಇಲ್ಲಿ ನೆನಪಾಗುವುದು ಸಹಜವೇ. ಆದರೆ ಇದಕ್ಕೆ ನೈವೇದ್ಯವಿಲ್ಲ, ಪ್ರಾಣಪ್ರತಿಷ್ಠೆಯಿಲ್ಲ. ಸವೆದು ಓದಲಾಗದ ಸುರುಳಿಯನ್ನು ಎಸೆಯುವುದೂ ಇಲ್ಲ, ಸುಡುವುದೂ ಇಲ್ಲ. ಸತ್ತ ಮನುಷ್ಯನನ್ನು ಹೂಳುವಂತೆ ರುದ್ರಭೂಮಿಯಲ್ಲಿ ಹೂಳುತ್ತಾರೆ.