ಮೀನಿಲ್ಲದ ಊರಿನ ಮೀನು

ಕೊಲ್ಯೂರ್ ಎಂದರೆ ಚಿತ್ರಕಾರರಿಗೆ ಬಣ್ಣ ನೆನಪಾಗುತ್ತದೆ, ಅಡುಗೆಯವರಿಗೆ ಉಪ್ಪುಮೀನು. ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿ, ಪಿರಿನೀಸ್ ಬೆಟ್ಟಸಾಲು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುವಲ್ಲಿ, ಸ್ಪೇನ್ ಗಡಿಗೆ ಹತ್ತಿರದ ಪುಟ್ಟ ಬಂದರು ಇದು. ಮೊದಲು ಬಂದದ್ದು ಮೀನು.

ಬೆರಳುದ್ದದ ಆಂಚೊವಿ ಹಿಡಿದಷ್ಟೇ ಬೇಗ ಕೆಡುವ ಮೀನು. ಉಪ್ಪು ಬಿದ್ದರಷ್ಟೇ ಅದು ದೂರದ ಸಂತೆ ಕಂಡೀತು. ಹಳೆಯ ಫ್ರಾನ್ಸಿನಲ್ಲೋ, ‘ಗಾಬೆಲ್’ ಎಂಬ ಉಪ್ಪಿನ ತೆರಿಗೆ ಬಡವರ ಸೊಂಟ ಮುರಿಯುತ್ತಿತ್ತು. 1466ರಲ್ಲಿ ದೊರೆ 11ನೇ ಲೂಯಿ ಕೊಲ್ಯೂರಿಗೆ ಅದನ್ನು ಮಾಫಿ ಮಾಡಿದ. ಊರಿನ ಕಸುಬು ಕುದುರಲು ಅಷ್ಟು ಸಾಕಾಯಿತು. ನಡುವೆ ಸ್ಪೇನಿನ ಪಾಲಾಗಿದ್ದ ಈ ಸೀಮೆ 1659ರ ಒಪ್ಪಂದದಿಂದ ಮತ್ತೆ ಫ್ರಾನ್ಸಿಗೆ ಸೇರಿತು. ದೊರೆಗಳು ಬದಲಾದರೂ ಪೀಪಾಯಿ ತುಂಬುವ ಕೆಲಸ ನಿಲ್ಲಲಿಲ್ಲ.

ಆ ಕೆಲಸ ಹೆಂಗಸರದು. ಉಪ್ಪು ಹಚ್ಚಿದ ಮೀನಿನ ತಲೆಯನ್ನು ಬೆರಳಿನಿಂದಲೇ ಮುರಿದು ಎಳೆದರೆ ಕರುಳೂ ಜೊತೆಗೇ ಬರುತ್ತದೆ. ಪೀಪಾಯಿಯೊಳಗೆ ಹೂವಿನ ದಳ ಜೋಡಿಸಿದಂತೆ ಸುತ್ತಲೂ ಒಂದು ಸಾಲು ಮೀನು, ಮೇಲೊಂದು ಪದರ ಉಪ್ಪು, ಮತ್ತೆ ಮೀನು. ಎಲ್ಲದರ ಮೇಲೆ ಭಾರ ಹೇರುತ್ತಾರೆ. ಮೂರು ತಿಂಗಳಿಗೂ ಹೆಚ್ಚು ಮಾಗಿದ ಮೇಲೆ ಮಾಂಸ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಇದನ್ನು ಅಡುಗೆ ಎನ್ನುವುದಕ್ಕಿಂತ ಕಾಯುವ ವಿದ್ಯೆ ಎನ್ನುವುದೇ ಸರಿ.

1905ರ ಬೇಸಿಗೆಯಲ್ಲಿ ಆನ್ರಿ ಮತೀಸ್ ಇಲ್ಲಿಗೆ ಬಂದರು. ಹಿಂದೆಯೇ ಆಂದ್ರೆ ದೆರೆನ್. ಮತೀಸ್ ಬರೆದ ತೆರೆದ ಕಿಟಕಿಯ ಆಚೆ ಸಮುದ್ರ ಗುಲಾಬಿ, ಅದರ ಮೇಲೆ ದೋಣಿಗಳು. ಅದೇ ವರ್ಷ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಈ ಬಣ್ಣಗಳನ್ನು ಕಂಡ ವಿಮರ್ಶಕ ಲೂಯಿ ವೋಸೆಲ್ ಚಿತ್ರಕಾರರನ್ನು ‘ಫೋವ್’, ಅಂದರೆ ಕಾಡುಮೃಗಗಳು, ಎಂದು ಕರೆದ. ಬೈಗುಳವೇ ಪಂಥದ ಹೆಸರಾಯಿತು. ಆ ಚಿತ್ರಗಳ ದೋಣಿಗಳು ಮೀನುಗಾರರವು ಎಂಬುದನ್ನು ಕಲೆಯ ಪುಸ್ತಕಗಳು ಅಷ್ಟಾಗಿ ನೆನೆಯುವುದಿಲ್ಲ.

ಈಗ ಊರು ಪ್ರವಾಸಿಗರದು. ಉಳಿದ ಕೆಲವು ಹಳೆಯ ದೋಣಿಗಳು ಬಣ್ಣ ಬಳಿಸಿಕೊಂಡು ಫೋಟೊಗೆ ನಿಂತಿವೆ. ಮೀನು ಹೊರಗಿನಿಂದ ಬರುತ್ತದೆ. ಆದರೂ 2004ರಲ್ಲಿ ಕೊಲ್ಯೂರಿನ ಆಂಚೊವಿಗೆ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು. ಗುರುತು ಇಲ್ಲಿನ ಕಡಲಿಗಲ್ಲ, ಉಪ್ಪು ಹಾಕುವ ಕ್ರಮಕ್ಕೆ. ಮಾಗಿದ ಮೀನನ್ನು ತೊಳೆದು, ಎರಡಾಗಿ ಸೀಳಿ ಮುಳ್ಳು ಬಿಡಿಸುವುದು ಇಂದಿಗೂ ಕೈಯಿಂದಲೇ.