ಮೂರು ಮಿಲಿಮೀಟರ್ ಹೆಚ್ಚಾದರೆ ಗೆಡ್ಡೆ ಬೆಳೆದಂತೆಯೇ?

ಪ್ರಶ್ನೆ: ತಂದೆಯವರ ಗಂಟಲಿನ ಗೆಡ್ಡೆ ಮೊದಲ ಎಂಆರ್‌ಐ ವರದಿಯಲ್ಲಿ 21 ಮಿ.ಮೀ. ಇತ್ತು. ಬಯಾಪ್ಸಿ ಆದಮೇಲೆ, ಎರಡೇ ವಾರದಲ್ಲಿ ಬೇರೆ ಕಡೆ ಮಾಡಿಸಿದರೆ 24 ಎಂದು ಬಂದಿದೆ. ಯಾವುದನ್ನು ನಂಬುವುದು?

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಈ 3 ಮಿ.ಮೀ. ಅಳತೆಯಲ್ಲೇ ಬಂದ ವ್ಯತ್ಯಾಸವಾಗಿರಬಹುದು. ಎಂಆರ್‌ಐ ದೇಹವನ್ನು ಹೋಳು ಹೋಳಾಗಿ ತೋರಿಸುತ್ತದೆ. ಗಂಟಲಿಗೆ ಹೋಳಿನ ದಪ್ಪ ಸಾಮಾನ್ಯವಾಗಿ 3ರಿಂದ 5 ಮಿ.ಮೀ. ಗೆಡ್ಡೆಯ ಅಂಚು ಹೋಳಿನ ನಡುವೆ ಮುಗಿದರೆ ಮಸುಕಾಗಿಬಿಡುತ್ತದೆ. ಅದೂ ಅಲ್ಲದೆ ಗಂಟಲು ಸುಮ್ಮನಿರುವ ಜಾಗವಲ್ಲ. ಒಂದೊಂದು ಸರಣಿ ಚಿತ್ರಕ್ಕೂ ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಎರಡು ಸಲ ಉಗುಳು ನುಂಗಿದರೂ ಚಿತ್ರ ಕದಡುತ್ತದೆ. ಬಯಾಪ್ಸಿಯ ನಂತರದ ಬಾವು ಇನ್ನೂ ದೊಡ್ಡ ತೊಡಕು. ಕೆಲವು ಚಿತ್ರಗಳಲ್ಲಿ ಬಾವೂ ಗೆಡ್ಡೆಯೂ ಎರಡೂ ಬೆಳ್ಳಗೆ ಕಾಣುವುದರಿಂದ ಗೆಡ್ಡೆ ಇದ್ದುದಕ್ಕಿಂತ ದೊಡ್ಡದೆನಿಸುತ್ತದೆ. ಕೊನೆಗೆ ಪರದೆಯ ಮೇಲೆ ಗೆರೆ ಎಳೆಯುವುದು ಮನುಷ್ಯರ ಕೈ.

ಇದನ್ನೆಲ್ಲ ಬಲ್ಲ ತಜ್ಞರು 2009ರ ಪರಿಷ್ಕೃತ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಗೆಡ್ಡೆ ಬೆಳೆದಿದೆ ಎನ್ನಲು ಅಳತೆ ಶೇ. 20ರಷ್ಟು, ಜೊತೆಗೆ ಕನಿಷ್ಠ 5 ಮಿ.ಮೀ. ಹೆಚ್ಚಿರಬೇಕೆಂದು ಇಟ್ಟರು. ನಿಮ್ಮಲ್ಲಿ ಹೆಚ್ಚಿರುವುದು ಶೇ. 14.

ಗೆಡ್ಡೆ ಇರುವುದು ಧ್ವನಿಪೆಟ್ಟಿಗೆಯಲ್ಲಾದರೆ, ರೋಗದ ಹಂತ ನಿರ್ಧರಿಸುವಾಗ ಧ್ವನಿತಂತು ಅಲುಗಾಡುತ್ತಿದೆಯೇ, ಮೃದ್ವಸ್ಥಿಗೆ ತಗುಲಿದೆಯೇ ಎಂಬುದೇ ಮುಖ್ಯ, ಮಿಲಿಮೀಟರಲ್ಲ.

ಎರಡೂ ಸಿಡಿಗಳನ್ನು ಒಬ್ಬರೇ ರೇಡಿಯಾಲಜಿಸ್ಟ್ ಬಳಿ ಒಯ್ದು, ಅಕ್ಕಪಕ್ಕ ಇಟ್ಟು ನೋಡಲು ಕೇಳಿ. ಮುಂದಿನ ಸ್ಕ್ಯಾನನ್ನು ಆದಷ್ಟೂ ಅದೇ ಯಂತ್ರದಲ್ಲಿ ಮಾಡಿಸಿ.