ಹಾಯಿಯ ದಾರಿಯಲ್ಲಿ ನೆಂಟರ ಮನೆಗಳು

ದೀಪಾವಳಿ ಬಂತೆಂದರೆ ನಮ್ಮ ಕತಾರ್‌ಗಾಮ್ ಬರಿದಾಗುತ್ತದೆ. ವಜ್ರದ ಕಾರ್ಖಾನೆಗಳಿಗೆ ಬೀಗ ಬಿದ್ದು, ಸೌರಾಷ್ಟ್ರದ ಕಡೆಯವರೆಲ್ಲ ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತಾರೆ. ಹಿಂದೆ ಇವರು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಖಂಭಾತ ಕೊಲ್ಲಿಯನ್ನು ಸುತ್ತಿಕೊಂಡೇ ಹೋಗಬೇಕಿತ್ತು. 2020ರ ನವೆಂಬರ್ 8ರಂದು ಹಜೀರಾದಿಂದ ಘೋಘಾಕ್ಕೆ ಲಾರಿ, ಕಾರುಗಳನ್ನೂ ಒಯ್ಯುವ ಹಡಗು ಹೊರಟ ಮೇಲೆ, 370 ಕಿಲೊಮೀಟರಿನ ನೆಲದ ದಾರಿ 90 ಕಿಲೊಮೀಟರಿನ ನೀರಿನ ದಾರಿಯಾಯಿತು.

ನೆರೆಮನೆಯ ಬಾ ಒಮ್ಮೆ ನಮ್ಮನ್ನೂ ಘೋಘಾದ ಹತ್ತಿರದ ತಮ್ಮ ಹಳ್ಳಿಗೆ ಕರೆದೊಯ್ದರು. (ಹಿರಿಯ ಹೆಂಗಸರನ್ನು ಇಲ್ಲಿ ಹಾಗೆಯೇ ಕರೆಯುವುದಷ್ಟೆ.) ಹಡಗಿನ ಮೇಲಟ್ಟದಲ್ಲಿ ಗಾಠಿಯಾ ಪೊಟ್ಟಣ ಬಿಚ್ಚುತ್ತ ಕೇಳಿದರು: “ನಿಮ್ಮ ಊರೂ ದರಿಯಾ ಪಕ್ಕದಲ್ಲೇ ಅಲ್ಲವೇ, ಭಾಯಿ? ನೀವೇಕೆ ಹೀಗೆ ಹೋಗುವುದಿಲ್ಲ?”

“ಹೋಗುತ್ತಿದ್ದರು, ಬಾ. ಹಾಯಿ ಕಟ್ಟಿಕೊಂಡು” ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಸೂರತ್ತಿಗೂ ಕನ್ನಡ ಕರಾವಳಿಗೂ ನಡುವಣ ಹಾಯಿಯ ದಾರಿ ಬಹಳ ಹಳೆಯದು. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ 1623ರ ಮೊದಲಲ್ಲಿ ಸೂರತ್ತಿನಲ್ಲಿ ಇಳಿದು, ಖಂಭಾತ, ಅಹಮದಾಬಾದುಗಳನ್ನು ನೋಡಿಕೊಂಡು, ಕರಾವಳಿಯ ಗುಂಟ ಗೋವೆಗೆ ಹೋದನು. ಅದೇ ವರ್ಷ ಮಳೆಗಾಲ ಕಳೆದ ಮೇಲೆ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಸಾಗಿ, ಘಟ್ಟ ಹತ್ತಿ ಇಕ್ಕೇರಿಯನ್ನು ಕಂಡನು. ಬಳಿಕ ಮಂಗಳೂರು, ಉಳ್ಳಾಲ. 19ನೆಯ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿ ಗಾಡಿಯಲ್ಲಿ ಘಟ್ಟವಿಳಿದು ಕುಮಟೆಗೆ ಬರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಹುಬ್ಬಳ್ಳಿಗೆ ರೈಲು ಬಂದಮೇಲೆ ಕುಮಟೆಯ ಬಂದರು ಸೊರಗಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಕೆಂಪು ಹೆಂಚು ಕೂಡ ಹಾಯಿಯನ್ನೇ ನೆಚ್ಚಿ ಬಡಗಣ ಬಂದರುಗಳಿಗೆ ಪ್ರಯಾಣ ಮಾಡಿತು.

ಈ ಮಚವೆ, ಮಂಜಿ, ಪತ್ತೆಮಾರಿಗಳಿಗೆ ವೇಳಾಪಟ್ಟಿಯೆಂಬುದಿರಲಿಲ್ಲ. ಗಾಳಿಯೇ ವೇಳಾಪಟ್ಟಿ. ನಮ್ಮ ಕರಾವಳಿಯಲ್ಲಿ ನಸುಕಿನಲ್ಲಿ ನೆಲದಿಂದ ಕಡಲಿಗೆ ಗಾಳಿ ಬೀಸುತ್ತದೆ. ಅದನ್ನು ಹಿಡಿದು ಅಳಿವೆ ದಾಟಬೇಕು. ನಡುಹಗಲಿನಿಂದ ಸಂಜೆಯವರೆಗೆ ವಾಯವ್ಯದ ಕಡಲಗಾಳಿ. ತೆಂಕಣಕ್ಕೆ ಹೋಗುವವರಿಗೆ ಅದು ಬೆನ್ನಿಗೆ ಬಂದ ದೇವರು, ಬಡಗಣಕ್ಕೆ ಬರುವವರಿಗೆ ಎದುರು ನಿಂತ ಸಾಲಗಾರ. ಅಳಿವೆಯ ಬಾಯಲ್ಲಿ ಮರಳದಿಣ್ಣೆ. ಉಬ್ಬರಕ್ಕೆ ಕಾಯದೆ ಒಳಗೆ ಹೊಗುವಂತಿಲ್ಲ. ಜೂನ್ ಬಂದರೆ ದೋಣಿಗಳು ದಡವೇರಿ ಮಡಲು ಹೊದ್ದು ಮಲಗುತ್ತಿದ್ದವು. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸುವವರೆಗೆ ಯಾರೂ ಹಾಯಿ ಎತ್ತರು. ಆ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಉಗಿಹಡಗಿನ ಕಾಲದಲ್ಲಿಯೂ, 1947ರ ಜುಲೈ 17ರಂದು, ಮುಂಬಯಿಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಮಳೆಗಾಲದ ಕಡಲಿನಲ್ಲಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು.

ಗಾಳಿ ನಿಂತಲ್ಲಿ ದೋಣಿ ನಿಲ್ಲುತ್ತಿತ್ತು. ದೋಣಿ ನಿಂತ ಊರಿನಲ್ಲಿ ಯಾರಾದರೊಬ್ಬ ನೆಂಟರು ಇದ್ದೇ ಇರುತ್ತಿದ್ದರು. ನದಿಗಳಿಗೆ ಸೇತುವೆಯಿಲ್ಲದ ಕಾಲ. ಹೆಣ್ಣು ಕೊಡುವುದೂ ತರುವುದೂ ಬಂದರಿನಿಂದ ಬಂದರಿಗೆ.

ನಮ್ಮ ತಾಯಿಯ ತೌರು ಹೊನ್ನಾವರ, ಕೊಟ್ಟದ್ದು ಗಂಗೊಳ್ಳಿಗೆ. ಚೊಚ್ಚಲ ಹೆರಿಗೆ ತೌರಿನಲ್ಲಾಯಿತು. ಎರಡನೆಯದು, ಅಂದರೆ ನಾನು, 1953ರ ಬೇಸಗೆಯಲ್ಲಿ ಗಂಗೊಳ್ಳಿಯಲ್ಲಿಯೇ ಆಗಬೇಕೆಂದು ನಿಶ್ಚಯವಾಯಿತು. ಅಜ್ಜಿ ಬಾಣಂತಿ ಮದ್ದು, ಎಳ್ಳೆಣ್ಣೆಯ ತಂಬಿಗೆ, ಹಳೆಯ ಸೀರೆಗಳ ಗಂಟು ಹಿಡಿದು, ಪರಿಚಯದ ತಂಡೇಲನ ಮಚವೆಯಲ್ಲಿ ತೆಂಗಿನಕಾಯಿ ರಾಶಿಯ ಮಗ್ಗುಲಲ್ಲಿ ಕುಳಿತರು. ಒಂದೆರಡು ದಿನದ ದಾರಿ. ಭಟ್ಕಳಕ್ಕೆ ಬಂದಾಗ ಗಾಳಿ ಸತ್ತುಹೋಯಿತು. ಹಾಯಿ ಒಣಹಾಕಿದ ಪಂಚೆಯಂತೆ ಜೋತುಬಿತ್ತು. ಎರಡು ದಿನ ಹಾಗೆಯೇ.

ಭಟ್ಕಳದಲ್ಲಿ ಅಜ್ಜಿಯ ಚಿಕ್ಕಮ್ಮ ಇದ್ದರು. ಹತ್ತು ವರ್ಷದಿಂದ ಮುಖ ಕಂಡಿರಲಿಲ್ಲ. ಹಾಸಿಗೆ ಹಿಡಿದಿದ್ದ ಆಕೆಗೆ ಗಂಜಿ ಕುಡಿಸಿ, ತಲೆ ಬಾಚಿ, ರಾತ್ರಿಯೆಲ್ಲ ತೌರಿನ ಮಾತಾಡಿದರಂತೆ. ನಡುನಡುವೆ ಅಂಗಳಕ್ಕೆ ಬಂದು ತೆಂಗಿನ ಗರಿ ಅಲುಗುತ್ತದೆಯೇ ಎಂದು ನೋಡುವುದು. ಮೂರನೆಯ ನಸುಕಿಗೆ ಗಾಳಿ ಎದ್ದಿತು. ಗಂಗೊಳ್ಳಿ ಮುಟ್ಟಿದಾಗ ನಾನು ಹುಟ್ಟಿ ಒಂದು ದಿನವಾಗಿತ್ತು. ಸೂಲಗಿತ್ತಿಯ ಕೈಗುಣ ಚೆನ್ನಾಗಿತ್ತು, ಸರಿ. ಆದರೂ ತಾಯಿ ಆ ತಂಡೇಲನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಅಜ್ಜಿ ಮಾತ್ರ ಗಾಳಿಯನ್ನು ಒಂದು ದಿನವೂ ಬೈದವರಲ್ಲ. ಭಟ್ಕಳದ ಚಿಕ್ಕಮ್ಮ ಆ ಮಳೆಗಾಲದಲ್ಲಿಯೇ ತೀರಿಕೊಂಡರು.

ಮರಳುವಾಗ ಗಾಳಿ ಎದುರು. ಶಿರೂರು, ಭಟ್ಕಳ, ಮುರ್ಡೇಶ್ವರ ಎಂದು ಅಜ್ಜಿ ಐದು ದಿನ ಮಾಡಿದರು. ಗಾಳಿಯ ನೆಪವೆಷ್ಟು, ನೆಂಟರ ಆಸೆಯೆಷ್ಟು ಎಂದು ಅಜ್ಜ ಕೇಳುತ್ತಿದ್ದುದುಂಟು.

ಆಮೇಲೆ ಸೇತುವೆಗಳಾದವು, ಬಸ್ಸು ಬಂತು, ದೋಣಿಗೆ ಯಂತ್ರ ಬಂತು. 1998ರ ಮೇ 1ರಂದು ಕೊಂಕಣ ರೈಲು ಮಾರ್ಗ ರಾಷ್ಟ್ರಕ್ಕೆ ಅರ್ಪಣೆಯಾಯಿತು. ಸೂರತ್ತಿನಲ್ಲಿ ಹತ್ತಿ ಮಲಗಿದರೆ ಮರುದಿನ ನಮ್ಮ ಕರಾವಳಿ. ನಾನೂ ಅದರಲ್ಲಿಯೇ ಹೋಗುವವನು. ಅದರ ಉಪಕಾರ ಮರೆತವನಲ್ಲ. ಆದರೆ ಭಟ್ಕಳದಲ್ಲಿ ಈಗ ನಮ್ಮವರು ಯಾರಿದ್ದಾರೆಂದು ಮಕ್ಕಳು ಕೇಳಿದರೆ ನನಗೆ ಉತ್ತರ ತಿಳಿಯದು.

ಇಷ್ಟನ್ನು ಹರಕುಮುರುಕು ಗುಜರಾತಿಯಲ್ಲಿ ಬಾಗೆ ಹೇಳಿ ಮುಗಿಸುವಷ್ಟರಲ್ಲಿ ಘೋಘಾ ಕಂಡಿತು. ಭಾವನಗರದ ಈ ಬದಿಯಲ್ಲಿ ದೊಡ್ಡ ಉಬ್ಬರ ಇಳಿತಗಳ ಅಂತರ ಹತ್ತು ಮೀಟರಿನಷ್ಟು. ನಮ್ಮಲ್ಲಿ ಎರಡು ಮೀಟರಾದರೆ ಹೆಚ್ಚು. ಕೆಸರು ನೀರು ನದಿಯಂತೆ ಓಡುತ್ತಿತ್ತು. ಹಾಯಿಯನ್ನು ನಂಬಿ ಇಲ್ಲಿ ಬಂದವರ ಎದೆಗಾರಿಕೆ ಎಂಥದಿದ್ದೀತು!

ದಡದಲ್ಲಿ ಬಾ ಅವರ ತಮ್ಮ ಜೀಪು ತಂದು ಕಾದಿದ್ದರು. ಹಳ್ಳಿಗೆ ಹೋಗುವ ದಾರಿಯಲ್ಲಿ ಎರಡು ಮನೆಗಳ ಮುಂದೆ ಜೀಪು ನಿಂತಿತು: ಒಂದು ನಾದಿನಿಯದು, ಒಂದು ಸೋದರತ್ತೆಯದು. ಎರಡರಲ್ಲಿಯೂ ಚಹಾ ಆಯಿತು. ಸೋದರತ್ತೆಯ ಮನೆಯ ಮಾಡಿನತ್ತ ಕೈತೋರಿಸಿ ಬಾ, “ನೋಡಿ ಭಾಯಿ, ಮೆಂಗಲೋರಿ ನಳಿಯಾ” ಎಂದರು. ಇಲ್ಲಿ ಆ ಬಗೆಯ ಹೆಂಚಿಗೆ, ಎಲ್ಲಿ ಸುಟ್ಟದ್ದಾದರೂ, ಅದೇ ಹೆಸರು. ಗೋಡೆಗೆ ಒರಗಿಸಿದ್ದ ಒಂದು ಮುರುಕು ಹೆಂಚನ್ನು ತಿರುವಿ ನೋಡಿದೆ. ಅಡಿಯ ಮುದ್ರೆ ಗುಜರಾತಿ ಅಕ್ಷರದಲ್ಲಿತ್ತು.

“ಇವರು ಅದೇ ಊರಿನ ಕಡೆಯವರು” ಎಂದು ಬಾ ನನ್ನನ್ನು ಪರಿಚಯ ಮಾಡಿಸಿದರು. ಸೋದರತ್ತೆ ಇನ್ನೊಂದು ತಟ್ಟೆ ಚಹಾ ಬಗ್ಗಿಸಿದರು.